ಆಸ್ಪತ್ರೆಯಿಂದ ಮನೆಗೆ: ಲಿಂಗತ್ವ ದೃಢೀಕರಣ ಶಸ್ತ್ರಚಿಕಿತ್ಸೆಯ ನಂತರದ ಆರೈಕೆ

ಶಸ್ತ್ರಚಿಕಿತ್ಸೆಯು ಆಸ್ಪತ್ರೆಯಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಗಾಯವು ಮಾಯುವುದು ಮಾತ್ರ ಮನೆಯಲ್ಲಿ, ವಾರಗಟ್ಟಲೆ. ಈ ಮಾತು ಎಲ್ಲ ಶಸ್ತ್ರಚಿಕಿತ್ಸೆಗಳಿಗೂ ಅನ್ವಯಿಸುವುದಾದರೂ ಲಿಂಗತ್ವ ದೃಢೀಕರಣ ಶಸ್ತ್ರಚಿಕಿತ್ಸೆಗೆ ಒಳಗಾದವರ ವಿಷಯದಲ್ಲಿ ಅದಕ್ಕೆ ವಿಶೇಷ ಅರ್ಥವಿದೆ. ಏಕೆಂದರೆ, ಇವರಲ್ಲಿ ಅನೇಕರಿಗೆ ಮರಳಿ ಹೋಗಲು ಹೆತ್ತವರ ಮನೆಯೇ ಇರುವುದಿಲ್ಲ.

ಹುಟ್ಟಿದಾಗ ಗುರುತಿಸಲಾದ ಲಿಂಗಕ್ಕೂ ವ್ಯಕ್ತಿಯು ತನ್ನೊಳಗೆ ಅರಿತಿರುವ ಲಿಂಗತ್ವಕ್ಕೂ ಹೊಂದಾಣಿಕೆ ಇಲ್ಲದಿರುವಾಗ, ದೇಹವನ್ನು ಆ ಅರಿವಿಗೆ ಅನುಗುಣವಾಗಿ ಮಾರ್ಪಡಿಸುವ ಚಿಕಿತ್ಸೆಯೇ ಲಿಂಗತ್ವ ದೃಢೀಕರಣ ಶಸ್ತ್ರಚಿಕಿತ್ಸೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೆಲ್ಲರೂ ಇದನ್ನು ಮಾಡಿಸಿಕೊಳ್ಳುವುದಿಲ್ಲ. ಮಾಡಿಸಿಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪು, ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯಿದೆಯು 2020ರ ಜನವರಿ 10ರಂದು ಜಾರಿಗೆ ಬಂದಿತು. ಶಸ್ತ್ರಚಿಕಿತ್ಸೆ ಹಾಗೂ ಹಾರ್ಮೋನ್ ಚಿಕಿತ್ಸೆಯ ಸೌಲಭ್ಯವನ್ನಷ್ಟೇ ಅಲ್ಲದೆ, ಅವುಗಳಿಗೆ ಮೊದಲು ಮತ್ತು ಅನಂತರ ಆಪ್ತಸಮಾಲೋಚನೆಯನ್ನೂ ಒದಗಿಸುವ ಹೊಣೆಯನ್ನು ಆ ಕಾಯಿದೆ ಸರ್ಕಾರಗಳ ಮೇಲೆ ಹೊರಿಸಿತು.

ಕಲೂರು ಕಲಿಸುವ ಪಾಠ

ಕೇರಳ ರಾಜ್ಯವು 2015ರಲ್ಲಿ ಟ್ರಾನ್ಸ್‌ಜೆಂಡರ್ ನೀತಿಯನ್ನು ಪ್ರಕಟಿಸಿ, ದೇಶದಲ್ಲಿ ಇಂತಹ ನೀತಿಯನ್ನು ರೂಪಿಸಿದ ಮೊದಲ ರಾಜ್ಯವೆನಿಸಿತು. ಕೊಚ್ಚಿ ಮತ್ತು ತಿರುವನಂತಪುರ ನಗರಗಳ ದೊಡ್ಡ ಆಸ್ಪತ್ರೆಗಳಿಗೆ ರಾಜ್ಯದ ಎಲ್ಲ ಭಾಗಗಳಿಂದಲೂ ಜನ ಬರುತ್ತಾರೆ. ಉತ್ತರದ ತುದಿಯಲ್ಲಿರುವ ಕಾಸರಗೋಡಿನ ಕನ್ನಡಿಗರಿಗೂ ಈ ನಗರಗಳು ದೂರವಾದರೂ ಅಪರಿಚಿತವಲ್ಲ.

ಕೊಚ್ಚಿಯ ಕಲೂರು, ಜವಾಹರಲಾಲ್ ನೆಹರೂ ಕ್ರೀಡಾಂಗಣದಿಂದ ಪ್ರಸಿದ್ಧವಾದ ಜನನಿಬಿಡ ಬಡಾವಣೆ. 2017ರ ಜೂನ್ 17ರಂದು ಉದ್ಘಾಟನೆಯಾದ ಕೊಚ್ಚಿ ಮೆಟ್ರೊ ರೈಲು ಅದೇ ವರ್ಷದ ಅಕ್ಟೋಬರಿನಲ್ಲಿ ಕಲೂರಿನವರೆಗೂ, ಅಲ್ಲಿಂದ ಮುಂದಕ್ಕೂ ವಿಸ್ತರಿಸಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಉದ್ಯೋಗ ನೀಡಿದುದಕ್ಕಾಗಿ ಆ ಸಂಸ್ಥೆ ದೇಶದಾದ್ಯಂತ ಪ್ರಶಂಸೆ ಪಡೆಯಿತು. ಆದರೆ ಕೆಲವೇ ದಿನಗಳಲ್ಲಿ ಅವರ ಪೈಕಿ ಹಲವರು ಕೆಲಸವನ್ನು ಬಿಟ್ಟರು. ಕೈಯಲ್ಲಿ ಉದ್ಯೋಗವಿದ್ದರೂ ನಗರದಲ್ಲಿ ಅವರಿಗೆ ಬಾಡಿಗೆಗೆ ಮನೆ ಕೊಡುವವರಿರಲಿಲ್ಲ. ಸಿಕ್ಕ ವಸತಿಗೃಹಗಳ ದಿನಬಾಡಿಗೆಯನ್ನು ಅವರ ಸಂಬಳ ಭರಿಸುತ್ತಿರಲಿಲ್ಲ. ಆರೋಗ್ಯವಂತರಾಗಿ ದುಡಿಯುತ್ತಿದ್ದವರಿಗೇ ಒದಗಿದ ಸ್ಥಿತಿ ಇದು. ಹೊಲಿಗೆ ಹಾಕಿದ ಗಾಯದೊಡನೆ ಆಸ್ಪತ್ರೆಯಿಂದ ಹೊರಬರುವವರಿಗೆ ಕೋಣೆಯೊಂದು ಸಿಗದಿದ್ದರೆ ಏನಾದೀತೆಂಬುದನ್ನು ಊಹಿಸಿಕೊಳ್ಳಬಹುದು.

2021ರ ಜುಲೈ 20ರಂದು, ರೇಡಿಯೊ ನಿರೂಪಕಿಯಾಗಿ ಹೆಸರಾಗಿದ್ದ ಅನನ್ಯಾ ಕುಮಾರಿ ಅಲೆಕ್ಸ್ ಅವರು ಕೊಚ್ಚಿಯ ತಮ್ಮ ವಸತಿಯಲ್ಲಿ ಮೃತಪಟ್ಟಿರುವುದು ಕಂಡುಬಂದಿತು. 2020ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಅವರು, ಒಂದು ವರ್ಷ ಕಳೆದರೂ ನೋವು ಶಮನವಾಗಿಲ್ಲವೆಂದೂ ಹೆಚ್ಚು ಹೊತ್ತು ನಿಂತು ಕೆಲಸ ಮಾಡಲು ತಮ್ಮಿಂದಾಗುತ್ತಿಲ್ಲವೆಂದೂ ಬಹಿರಂಗವಾಗಿ ಹೇಳಿಕೊಂಡಿದ್ದರು. ಚಿಕಿತ್ಸೆಯಲ್ಲಿ ಲೋಪವಾಗಿದೆಯೆಂಬ ಆರೋಪವನ್ನು ಸಂಬಂಧಿಸಿದ ಆಸ್ಪತ್ರೆ ನಿರಾಕರಿಸಿತು. ರಾಜ್ಯ ಸರ್ಕಾರ ತನಿಖೆಗೆ ಆದೇಶಿಸಿತು. ಶಸ್ತ್ರಚಿಕಿತ್ಸೆಯಷ್ಟೇ ಮಹತ್ವ ಅದರ ಅನಂತರದ ದಿನಗಳಿಗೂ ಇದೆಯೆಂಬುದನ್ನು ಈ ದುರಂತ ಸಮಾಜದ ಕಣ್ಣಮುಂದೆ ಇರಿಸಿತು.

ದಿನಾಂಕ ಗೊತ್ತುಪಡಿಸುವ ಮೊದಲು

ಆದುದರಿಂದ ಶಸ್ತ್ರಚಿಕಿತ್ಸೆಯ ದಿನಾಂಕವನ್ನು ಗೊತ್ತುಪಡಿಸುವ ಮೊದಲೇ ಎರಡು ಏರ್ಪಾಡುಗಳಾಗಬೇಕು. ಮೊದಲನೆಯದು, ಕನಿಷ್ಠ ಆರು ವಾರ ಯಾರೂ ಎಬ್ಬಿಸದ ಒಂದು ಕೋಣೆ. ಎರಡನೆಯದು, ಮೊದಲ ಎರಡು ವಾರಗಳಲ್ಲಿ ಹಗಲಿರುಳು ಜೊತೆಗಿರಬಲ್ಲ ಒಬ್ಬ ವ್ಯಕ್ತಿ. ಈ ವ್ಯಕ್ತಿ ರಕ್ತಸಂಬಂಧಿಯೇ ಆಗಿರಬೇಕೆಂದಿಲ್ಲ.

ದಕ್ಷಿಣ ಭಾರತದ ಹಿಜ್ರಾ ಸಮುದಾಯದಲ್ಲಿ ಇದಕ್ಕೊಂದು ಹಳೆಯ ಪದ್ಧತಿಯಿದೆ. ‘ನಿರ್ವಾಣ’ವಾದವರನ್ನು ನಲವತ್ತು ದಿನಗಳ ಕಾಲ ಗುರುವಿನ ಮನೆಯಲ್ಲಿರಿಸಿಕೊಂಡು, ಬಾಣಂತಿಯನ್ನು ನೋಡಿಕೊಳ್ಳುವಂತೆ ಆರೈಕೆ ಮಾಡುತ್ತಾರೆ. ವೈದ್ಯರಲ್ಲದವರು ನಡೆಸುವ ಶಸ್ತ್ರಕ್ರಿಯೆಯು ಪ್ರಾಣಾಪಾಯಕಾರಿಯಾದುದರಿಂದ ಅದನ್ನು ಸರ್ವಥಾ ತ್ಯಜಿಸಬೇಕು. ಆದರೆ ನಲವತ್ತು ದಿನಗಳ ವಿಶ್ರಾಂತಿ, ಜೊತೆಗೊಬ್ಬರು, ಹೊತ್ತಿಗೆ ಸರಿಯಾದ ಊಟ ಎಂಬ ಆ ಪದ್ಧತಿಯ ತಿರುಳು ಇಂದಿನ ವೈದ್ಯರ ಸಲಹೆಗೆ ಬಹಳ ಹತ್ತಿರವಾಗಿದೆ.

ಧೂಮಪಾನವು ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡೆಯುತ್ತದೆ. ಶಸ್ತ್ರಚಿಕಿತ್ಸೆಗೆ ಕೆಲವು ವಾರಗಳ ಮೊದಲಿನಿಂದಲೂ, ಗಾಯ ಪೂರ್ಣವಾಗಿ ಮಾಯುವವರೆಗೂ ಅದನ್ನು ಬಿಡುವುದು ಅವಶ್ಯಕ. ಹಾರ್ಮೋನ್ ಔಷಧಿಯನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಪುನಃ ಆರಂಭಿಸಬೇಕು ಎಂಬುದನ್ನು ವೈದ್ಯರಿಂದ ಬರವಣಿಗೆಯಲ್ಲಿ ಪಡೆಯುವುದು ಲೇಸು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಪತ್ರವು ಇಂಗ್ಲಿಷಿನಲ್ಲಿ ಅಥವಾ ಮಲಯಾಳಂನಲ್ಲಿ ಇರಬಹುದು. ಅದರ ಪ್ರತಿಯೊಂದು ಸಾಲನ್ನೂ ದಾದಿಯರಿಂದ ಕೇಳಿ ತಿಳಿದು, ಕನ್ನಡದಲ್ಲಿ ಬರೆದುಕೊಂಡರೆ ಮನೆಯಲ್ಲಿ ಗೊಂದಲವಾಗದು.

ಊರಿಗೆ ಪ್ರಯಾಣ

ಬಿಡುಗಡೆಯಾದ ದಿನವೇ ದೂರದ ಪ್ರಯಾಣ ಕೈಗೊಳ್ಳುವುದು ಉಚಿತವಲ್ಲ. ಬಹಳ ಹೊತ್ತು ಕುಳಿತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದ್ದು, ಆ ಹೆಪ್ಪು ಶ್ವಾಸಕೋಶವನ್ನು ತಲಪಿದರೆ ಪ್ರಾಣಕ್ಕೇ ಸಂಚಕಾರ. ಮೊದಲ ಮರುತಪಾಸಣೆ ಮುಗಿಯುವ ತನಕ ಆಸ್ಪತ್ರೆಗೆ ಸಮೀಪದಲ್ಲಿಯೇ ಉಳಿದುಕೊಳ್ಳುವುದು ಉತ್ತಮ. ಪ್ರಯಾಣ ಅನಿವಾರ್ಯವಾದರೆ, ಮಲಗಿ ಹೋಗಬಹುದಾದ ರೈಲು ಬಸ್ಸಿಗಿಂತ ಮೇಲು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು, ನೀರನ್ನು ಧಾರಾಳವಾಗಿ ಕುಡಿಯಬೇಕು. ಎದೆಯ ಶಸ್ತ್ರಚಿಕಿತ್ಸೆಯಾದವರು ಕಾರಿನ ಬೆಲ್ಟಿಗೂ ಎದೆಗೂ ನಡುವೆ ಚಿಕ್ಕ ದಿಂಬನ್ನು ಇರಿಸಿಕೊಳ್ಳಬಹುದು.

ಎದೆಯ ಹಾಗೂ ಗರ್ಭಕೋಶದ ಶಸ್ತ್ರಚಿಕಿತ್ಸೆಯ ಅನಂತರ

ಟ್ರಾನ್ಸ್ ಪುರುಷರಲ್ಲಿ ಸಾಮಾನ್ಯವಾಗಿ ಮೊದಲು ನಡೆಯುವುದು ಎದೆಯ ಶಸ್ತ್ರಚಿಕಿತ್ಸೆ. ಗಾಯದೊಳಗೆ ಶೇಖರವಾಗುವ ದ್ರವವನ್ನು ಹೊರಗೆಳೆಯಲು ಎರಡೂ ಬದಿಯಲ್ಲಿ ಸಣ್ಣ ನಳಿಕೆಗಳನ್ನು ಇರಿಸುವುದುಂಟು. ಅವುಗಳ ತುದಿಯ ಬುಡ್ಡಿಯಲ್ಲಿ ದಿನಕ್ಕೆ ಎಷ್ಟು ದ್ರವ ಸೇರಿತು, ಅದರ ಬಣ್ಣವೇನು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ದ್ರವದ ಪ್ರಮಾಣ ತಗ್ಗಿದ ಮೇಲೆ, ಸಾಮಾನ್ಯವಾಗಿ ಒಂದೆರಡು ವಾರಗಳೊಳಗೆ, ವೈದ್ಯರು ನಳಿಕೆಗಳನ್ನು ತೆಗೆಯುತ್ತಾರೆ.

ಎದೆಯನ್ನು ಒತ್ತಿ ಹಿಡಿಯುವ ಬಿಗಿಯುಡುಪನ್ನು ವೈದ್ಯರು ಹೇಳಿದಷ್ಟು ಕಾಲ, ಬಹುಮಟ್ಟಿಗೆ ನಾಲ್ಕರಿಂದ ಆರು ವಾರ, ಧರಿಸಬೇಕಾಗುತ್ತದೆ. ಕೇರಳದ ಮತ್ತು ಕರಾವಳಿಯ ಸೆಕೆಯಲ್ಲಿ ಇದು ಸುಲಭದ ಕೆಲಸವಲ್ಲ. ಬೆವರಿನಿಂದ ಚರ್ಮ ತೊಯ್ದಿದ್ದರೆ ಸೋಂಕಿಗೆ ಎಡೆಯಾಗುತ್ತದೆ. ಮಳೆಗಾಲದಲ್ಲಿ ಒಗೆದ ಬಟ್ಟೆ ಬೇಗನೆ ಒಣಗದ ಕಾರಣ, ಇಂತಹ ಉಡುಪುಗಳು ಎರಡಾದರೂ ಇರುವುದು ಅನುಕೂಲ. ಎರಡು ಮೂರು ವಾರ ಕೈಗಳನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ಅಟ್ಟದ ಮೇಲಿನ ಪಾತ್ರೆ, ಎತ್ತರದಲ್ಲಿ ಕಟ್ಟಿದ ಬಟ್ಟೆಯ ಹಗ್ಗ ಇವುಗಳನ್ನು ಮುಂಚೆಯೇ ಕೈಗೆಟಕುವಂತೆ ಮಾಡಿಕೊಂಡಿರಬೇಕು. ಮಲಗುವಾಗ ಬೆನ್ನ ಮೇಲೆ, ತಲೆಯ ಕಡೆ ದಿಂಬುಗಳನ್ನು ಏರಿಸಿಕೊಂಡು ಮಲಗುವುದು ಹಿತಕರ.

ಗರ್ಭಕೋಶವನ್ನು ತೆಗೆಸಿಕೊಂಡವರು ಆರು ವಾರ ತುಂಬಿದ ಕೊಡ, ಅಕ್ಕಿಯ ಚೀಲ, ಅಡುಗೆ ಅನಿಲದ ಸಿಲಿಂಡರ್ ಮೊದಲಾದ ಭಾರಗಳನ್ನು ಎತ್ತಬಾರದು. ಕೆಲವು ದಿನ ಅಲ್ಪಸ್ವಲ್ಪ ರಕ್ತಸ್ರಾವವಾಗುವುದು ಸಹಜ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟಾದರೆ ಅದು ಸಹಜವಲ್ಲ.

ಯೋನಿ ರಚನೆಯ ಶಸ್ತ್ರಚಿಕಿತ್ಸೆಯ ಅನಂತರ

ಟ್ರಾನ್ಸ್ ಮಹಿಳೆಯರಿಗೆ ಮಾಡುವ ಯೋನಿ ರಚನೆಯ ಶಸ್ತ್ರಚಿಕಿತ್ಸೆಯಲ್ಲಿ, ಒಳಗೆ ತುಂಬಿದ ಪಟ್ಟಿಯನ್ನೂ ಮೂತ್ರದ ನಳಿಕೆಯನ್ನೂ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ತೆಗೆಯುತ್ತಾರೆ. ನಳಿಕೆಯನ್ನು ತೆಗೆದ ಮೇಲೆ ಮೂತ್ರ ವಿಸರ್ಜನೆ ಸಾಧ್ಯವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆ ಬಳಿಕ ಆರಂಭವಾಗುವ ಮುಖ್ಯ ಕಾರ್ಯವೆಂದರೆ ಡೈಲೇಟರ್ ಬಳಕೆ. ಹೊಸದಾಗಿ ರಚಿಸಿದ ಯೋನಿಮಾರ್ಗವು ಗಾಯ ಮಾಯುವಾಗ ಕುಗ್ಗುವ ಸ್ವಭಾವವುಳ್ಳದ್ದು. ಅದು ಕುಗ್ಗದಂತೆ, ವೈದ್ಯರು ಕೊಟ್ಟ ಅಳತೆಯ ಡೈಲೇಟರನ್ನು ನೀರು ಆಧಾರಿತ ಜಾರಕದೊಡನೆ ನಿಧಾನವಾಗಿ ಬಳಸಬೇಕು. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ ಮೂರು ಬಾರಿಯವರೆಗೆ, ಆಮೇಲೆ ಕ್ರಮೇಣ ಕಡಿಮೆ ಮಾಡುತ್ತಾ ಹೋಗುವುದು ಸಾಮಾನ್ಯ ಕ್ರಮ. ಇದಕ್ಕೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಬೇಕು, ಸ್ವಚ್ಛ ನೀರು ಬೇಕು, ಯಾರೂ ಅವಸರಪಡಿಸದ ವೇಳೆ ಬೇಕು. ಏಳೆಂಟು ಮಂದಿ ಹಂಚಿಕೊಂಡ ಬಾಡಿಗೆ ಕೋಣೆಯಲ್ಲಿ ಇವು ಸಿಗದೆ ಡೈಲೇಟರ್ ಬಳಕೆ ತಪ್ಪಿಹೋದರೆ, ಯಶಸ್ವಿಯಾದ ಶಸ್ತ್ರಚಿಕಿತ್ಸೆಯೂ ವ್ಯರ್ಥವಾಗಬಹುದು. ಮನೆಯನ್ನೂ ಚಿಕಿತ್ಸೆಯ ಒಂದು ಅಂಗವೆಂದು ಪರಿಗಣಿಸಬೇಕೆನ್ನುವುದು ಇದೇ ಕಾರಣದಿಂದ.

ಶೌಚದ ಅನಂತರ ಮುಂದಿನಿಂದ ಹಿಂದಕ್ಕೆ ಶುಚಿಗೊಳಿಸಿಕೊಳ್ಳಬೇಕು. ಊತವು ಇಳಿಯಲು ಆರರಿಂದ ಎಂಟು ವಾರ ಹಿಡಿಯಬಹುದು. ಕೂರುವಾಗ ನಡುವೆ ರಂಧ್ರವಿರುವ ದಿಂಬು ಸಹಾಯಕ. ಸೈಕಲ್ ಸವಾರಿ ಮತ್ತು ಲೈಂಗಿಕ ಸಂಪರ್ಕವನ್ನು ಸುಮಾರು ಮೂರು ತಿಂಗಳು, ವೈದ್ಯರು ಅನುಮತಿಸುವ ತನಕ, ವರ್ಜಿಸಬೇಕು. ಕೆರೆ ಹೊಳೆಗಳ ಸ್ನಾನವೂ ಗಾಯ ಪೂರ್ಣ ಮಾಯುವವರೆಗೆ ಸಲ್ಲದು. ಈ ಶಸ್ತ್ರಚಿಕಿತ್ಸೆಯಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಯುವುದಿಲ್ಲವಾದ್ದರಿಂದ, ವಯಸ್ಸಾದ ಮೇಲೆ ಅದರ ತಪಾಸಣೆಯನ್ನು ಮರೆಯಬಾರದು.

ಆಹಾರ ಮತ್ತು ಗಾಯದ ಶುಚಿತ್ವ

ನೋವು ನಿವಾರಕ ಔಷಧಿಗಳಲ್ಲಿ ಕೆಲವು ಮಲಬದ್ಧತೆಯನ್ನು ಉಂಟುಮಾಡುತ್ತವೆ. ತಿಣುಕುವುದರಿಂದ ಹೊಲಿಗೆಗಳ ಮೇಲೆ ಒತ್ತಡ ಬೀಳುತ್ತದೆ. ಗಂಜಿ, ಬೇಯಿಸಿದ ತರಕಾರಿ, ಸೊಪ್ಪು, ಹಣ್ಣು ಹಾಗೂ ಸಾಕಷ್ಟು ನೀರು ಇದಕ್ಕೆ ಪರಿಹಾರ. ಮೊಟ್ಟೆ, ಮೀನು, ಬೇಳೆ, ಹಾಲು ಮುಂತಾದ ಸಸಾರಜನಕಯುಕ್ತ ಆಹಾರದಿಂದ ಗಾಯ ಬೇಗ ಕೂಡುತ್ತದೆ. ಶಸ್ತ್ರಚಿಕಿತ್ಸೆಯಾದವರು ಮೀನು, ಮೊಟ್ಟೆ ತಿಂದರೆ ಕೀವಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ಸೊಪ್ಪಿನ ರಸ ಇವು ಯಾವುದನ್ನೂ ಹಸಿ ಗಾಯಕ್ಕೆ ಹಚ್ಚಕೂಡದು. ಗಾಯವನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈತೊಳೆಯುವುದು ಆರೈಕೆ ಮಾಡುವವರಿಗೂ ಕಡ್ಡಾಯ.

ಅಪಾಯದ ಸೂಚನೆಗಳು

ಕೆಳಗಿನ ಯಾವುದೇ ಸೂಚನೆ ಕಂಡುಬಂದಲ್ಲಿ ಮರುದಿನದವರೆಗೆ ಕಾಯದೆ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಅಗತ್ಯವಿದ್ದರೆ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿಕೊಳ್ಳಬೇಕು.

1. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ.
2. ಗಾಯದ ಸುತ್ತ ಹರಡುತ್ತಿರುವ ಕೆಂಪು, ಕೀವು ಅಥವಾ ದುರ್ವಾಸನೆ.
3. ಎದೆಯ ಒಂದೇ ಬದಿಯಲ್ಲಿ ಹಠಾತ್ತನೆ ಬಿಗಿಯಾಗಿ ಬಾತುಕೊಳ್ಳುವುದು. ಒತ್ತಿ ಹಿಡಿದರೂ ನಿಲ್ಲದ ರಕ್ತಸ್ರಾವ.
4. ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ. ಏಕಾಏಕಿ ಉಸಿರಾಟದ ತೊಂದರೆ ಅಥವಾ ಎದೆನೋವು.
5. ಮೂತ್ರ ಕಟ್ಟಿಕೊಳ್ಳುವುದು, ಯೋನಿಮಾರ್ಗದಿಂದ ಮಲ ಅಥವಾ ವಾಯು ಹೊರಬರುವುದು.

ಹತ್ತಿರದ ಯಾವುದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದಾಗಲೂ ಯಾವ ಶಸ್ತ್ರಚಿಕಿತ್ಸೆಯಾಗಿದೆಯೆಂಬುದನ್ನು ಸಂಕೋಚವಿಲ್ಲದೆ ತಿಳಿಸಬೇಕು. ಅದನ್ನು ಮುಚ್ಚಿಟ್ಟರೆ ಸರಿಯಾದ ಚಿಕಿತ್ಸೆ ತಡವಾಗುತ್ತದೆ.

ಮನಸ್ಸಿನ ಆರೈಕೆ

ಬಹುಕಾಲದ ಬಯಕೆ ಈಡೇರಿದ ಮೇಲೂ ಮೊದಲ ಕೆಲವು ವಾರಗಳಲ್ಲಿ ಮನಸ್ಸು ಕುಗ್ಗುವುದುಂಟು. ನೋವು, ನಿದ್ರಾಭಂಗ, ಅರಿವಳಿಕೆ, ಹಾರ್ಮೋನಿನ ಏರುಪೇರು, ಏಕಾಂತ ಇವೆಲ್ಲ ಸೇರಿ ಹೀಗಾಗುತ್ತದೆ. ಊತದಿಂದ ಕೂಡಿದ ದೇಹವನ್ನು ಕನ್ನಡಿಯಲ್ಲಿ ಕಂಡು ಗಾಬರಿಯಾಗುವುದೂ ಇದೆ. ದೇಹವು ತನ್ನ ಕೊನೆಯ ರೂಪಕ್ಕೆ ಬರಲು ಹಲವು ತಿಂಗಳು ಬೇಕು. ಇದನ್ನು ಪಶ್ಚಾತ್ತಾಪವೆಂದು ಮನೆಯವರು ತಪ್ಪು ತಿಳಿಯಬಾರದು. ನೋವು ಇದೆಯೆಂದು ಹೇಳಿದಾಗ ಅದನ್ನು ನಂಬುವುದು, ದಿನವೂ ಸ್ವಲ್ಪ ಹೊತ್ತು ಜೊತೆಗೆ ಕುಳಿತು ಮಾತನಾಡುವುದು, ಅವರು ಬಯಸಿದ ಹೆಸರಿನಿಂದಲೇ ಕರೆಯುವುದು ಇವು ಔಷಧಿಯಷ್ಟೇ ಉಪಯುಕ್ತ. ದುಃಖವು ತಗ್ಗದಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ, ಅವರನ್ನು ಒಂಟಿಯಾಗಿ ಬಿಡಬಾರದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ದೊರೆಯುವ ನೆರವು

2022ರ ಆಗಸ್ಟ್ 24ರಂದು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಮತ್ತು ಸಾಮಾಜಿಕ ನ್ಯಾಯ ಇಲಾಖೆಯ ನಡುವೆ ಆದ ಒಪ್ಪಂದದ ಮೂಲಕ ಆಯುಷ್ಮಾನ್ ಭಾರತ್ ಟಿ.ಜಿ. ಪ್ಲಸ್ ಯೋಜನೆ ರೂಪುಗೊಂಡಿತು. ರಾಷ್ಟ್ರೀಯ ಪೋರ್ಟಲ್ ಮೂಲಕ ಪ್ರಮಾಣಪತ್ರ ಪಡೆದ ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆರೋಗ್ಯ ವಿಮೆಯನ್ನು ಒದಗಿಸುವುದು ಅದರ ಉದ್ದೇಶ. ಅದೇ ವರ್ಷ ಆರಂಭವಾದ ಸ್ಮೈಲ್ ಯೋಜನೆಯಡಿ ‘ಗರಿಮಾ ಗೃಹ’ಗಳೆಂಬ ಆಶ್ರಯ ತಾಣಗಳಿಗೆ ಅವಕಾಶ ಮಾಡಲಾಯಿತು. ಕೇರಳ ಸರ್ಕಾರವು ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ಧನಸಹಾಯ ನೀಡುವುದರ ಜೊತೆಗೆ, ಶಸ್ತ್ರಚಿಕಿತ್ಸೆಯ ಅನಂತರದ ಮುಂದುವರಿದ ಚಿಕಿತ್ಸೆಗಾಗಿಯೂ ಮಾಸಿಕ ನೆರವಿನ ಯೋಜನೆಯನ್ನು ರೂಪಿಸಿತು. ಕಾಸರಗೋಡಿನವರು ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಯಲ್ಲಿ ಈ ಬಗ್ಗೆ ವಿಚಾರಿಸಬಹುದು. ಆಸ್ಪತ್ರೆಯ ಎಲ್ಲ ರಸೀದಿಗಳನ್ನೂ ಬಿಡುಗಡೆ ಪತ್ರವನ್ನೂ ಜೋಪಾನವಾಗಿ ಇರಿಸಿಕೊಳ್ಳುವುದು ಅಗತ್ಯ.

ಕಾಯಿದೆಯು ಹಕ್ಕನ್ನು ಕೊಡಬಲ್ಲದು, ಯೋಜನೆಯು ಹಣವನ್ನು ಕೊಡಬಲ್ಲದು, ವೈದ್ಯರು ಗಾಯವನ್ನು ಹೊಲಿಯಬಲ್ಲರು. ಆರು ವಾರಗಳ ಮಟ್ಟಿಗೆ ಒಂದು ಕೋಣೆಯನ್ನು ಬಾಡಿಗೆಗೆ ಕೊಡುವುದು, ಹೊತ್ತಿಗೆ ಸರಿಯಾಗಿ ಒಂದು ಲೋಟ ಗಂಜಿ ಕಾಯಿಸಿಕೊಡುವುದು, ರಾತ್ರಿಯಲ್ಲಿ ಕರೆದರೆ ಎದ್ದು ಬರುವುದು ಮಾತ್ರ ಮನೆಯವರ, ಗೆಳೆಯರ, ಮನೆಮಾಲೀಕರ ಮತ್ತು ನೆರೆಹೊರೆಯವರ ಕೈಯಲ್ಲಿದೆ. ಚಿಕಿತ್ಸೆಯು ಪೂರ್ಣವಾಗುವುದು ಅಲ್ಲಿ.