ಯಂತ್ರ ಹೋದರೂ ಡಿಸ್ಕ್ ಉಳಿಯಬೇಕು

2006ರ ಆಗಸ್ಟ್‌ನಲ್ಲಿ ಅಮೆಜಾನ್ ಗಂಟೆಗೆ ಹತ್ತು ಸೆಂಟ್ ಬಾಡಿಗೆಗೆ ಕಂಪ್ಯೂಟರ್ ಕೊಡಲು ಶುರುಮಾಡಿತು. ಅದು ವರ್ಚುವಲ್ ಮಷೀನ್, ಅಂದರೆ ಒಂದೇ ಸರ್ವರ್‌ನೊಳಗೆ ಸಾಫ್ಟ್‌ವೇರ್ ಕಟ್ಟಿಕೊಟ್ಟ ಹಲವು ಕಂಪ್ಯೂಟರ್‌ಗಳಲ್ಲಿ ಒಂದು. ಆದರೆ ಯಂತ್ರವನ್ನು ಹಿಂದಿರುಗಿಸಿದೊಡನೆ ಅದರ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಸರ್ವರ್ ಕೆಟ್ಟರೂ ಅದೇ ಗತಿ. ಲೆಕ್ಕ ಮಾಡಿ ಮುಗಿಸುವ ಕೆಲಸಕ್ಕೆ ಇದು ಸಾಕು. ವರ್ಷಗಟ್ಟಲೆ ಕಾಯ್ದಿಡಬೇಕಾದ ದಾಖಲೆಗಳನ್ನು ಇಡಲು ಯಾರಿಗೆ ಧೈರ್ಯ ಬಂದೀತು? 2008ರ ಆಗಸ್ಟ್‌ನಲ್ಲಿ ಇದಕ್ಕೆ ಪರಿಹಾರ ಬಂತು. ಡಿಸ್ಕನ್ನು ಯಂತ್ರದಿಂದ ಬಿಡಿಸಿ ನೆಟ್‌ವರ್ಕಿನ ಆಚೆ ಇಟ್ಟರು. ಹೀಗೆ ಬೇರೆಯಾಗಿ ನಿಂತ ಡಿಸ್ಕೇ ವಾಲ್ಯೂಮ್. ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಕೆಲಸಕ್ಕೆಂದೇ 2012ರಲ್ಲಿ ಸಿಂಡರ್ ಎಂಬ ಪ್ರತ್ಯೇಕ ವಿಭಾಗ ಹುಟ್ಟಿತು.

ಡಿಸ್ಕಿಗೆ ಫೈಲು, ಫೋಲ್ಡರು ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಂಬರ್ ಹಾಕಿದ ಬ್ಲಾಕ್‌ಗಳು ಮಾತ್ರ. ಸಾಮಾನ್ಯವಾಗಿ ಒಂದೊಂದೂ 512 ಅಥವಾ 4096 ಬೈಟ್. ಇಂಥ ನಂಬರಿನ ಬ್ಲಾಕ್ ಓದಿ ಕೊಡು, ಇಂಥದ್ದರಲ್ಲಿ ಇದನ್ನು ಬರೆ: ಆಪರೇಟಿಂಗ್ ಸಿಸ್ಟಮ್ ಕೇಳುವುದು ಹೆಚ್ಚುಕಡಿಮೆ ಇಷ್ಟೇ. ಭಾಷೆ ಇಷ್ಟು ಸರಳವಾಗಿರುವುದರಿಂದಲೇ ಆ ಕೋರಿಕೆಯನ್ನು ನಡುವೆ ಹಿಡಿದು ನೆಟ್‌ವರ್ಕ್‌ಗೆ ದಾಟಿಸಬಹುದು. ಒಳಗಿನ ಯಂತ್ರ ತನ್ನ ಹೊಟ್ಟೆಯಲ್ಲೇ ಡಿಸ್ಕ್ ಇದೆಯೆಂದು ನಂಬಿಕೊಂಡಿರುತ್ತದೆ.

ಆಚೆ ಬದಿಯಲ್ಲಾದರೋ ಒಂದು ಡಿಸ್ಕ್ ಎಂಬುದೇ ಇಲ್ಲ. ಸೇಜ್ ವೈಲ್ ಎಂಬಾತ ಸಾಂತಾಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವಾಗ ರೂಪಿಸಿದ ಸೆಫ್ ವ್ಯವಸ್ಥೆಯನ್ನು ನೋಡಿ. 100 ಗಿಗಾಬೈಟ್ ವಾಲ್ಯೂಮ್ ಅಲ್ಲಿ ತಲಾ 4 ಮೆಗಾಬೈಟ್‌ನ 25,600 ತುಣುಕು. ಏನಾದರೂ ಬರೆಯುವವರೆಗೆ ಆ ತುಣುಕು ಹುಟ್ಟುವುದೂ ಇಲ್ಲ. ಯಾವ ತುಣುಕು ಎಲ್ಲಿದೆ ಎಂದು ಪಟ್ಟಿ ಹಿಡಿದು ಕೂತವರಿಲ್ಲ. ತುಣುಕಿನ ಹೆಸರಿನಿಂದ ಲೆಕ್ಕ ಹಾಕಿಯೇ ಅದರ ಜಾಗ ಕಂಡುಕೊಳ್ಳಬೇಕು. ಈ ಇಡೀ ಏರ್ಪಾಡಿನಲ್ಲಿ ನನಗೆ ಅತ್ಯಂತ ಚೆಲುವಾಗಿ ಕಾಣುವುದು ಇದೇ. ಪ್ರತಿ ತುಣುಕಿಗೂ ಸಾಮಾನ್ಯವಾಗಿ ಮೂರು ಪ್ರತಿ. ಮೂರೂ ಬರೆದಾದ ಮೇಲಷ್ಟೇ ‘ಆಯಿತು’ ಎಂಬ ಉತ್ತರ ಬರುತ್ತದೆ.

ವಾಲ್ಯೂಮನ್ನು ಒಂದು ಯಂತ್ರದಿಂದ ಕಳಚಿ ಇನ್ನೊಂದಕ್ಕೆ ಜೋಡಿಸಬಹುದು, ಹಿಗ್ಗಿಸಲೂಬಹುದು. ಹಿಗ್ಗಿಸಿದ ಮೇಲೆ ಒಳಗಿನ ಫೈಲ್ ಸಿಸ್ಟಮನ್ನೂ ಹಿಗ್ಗಿಸದಿದ್ದರೆ ಹೊಸ ಜಾಗ ಬಳಕೆಗೆ ಸಿಗದು. ಅಪಾಯವಿರುವುದು ಒಂದೇ ವಾಲ್ಯೂಮನ್ನು ಎರಡು ಯಂತ್ರಗಳಿಗೆ ಏಕಕಾಲಕ್ಕೆ ಜೋಡಿಸುವುದರಲ್ಲಿ. ಲಿನಕ್ಸ್‌ನ ಇಎಕ್ಸ್‌ಟಿ4ನಂಥ ಫೈಲ್ ಸಿಸ್ಟಮ್‌ಗಳು ಖಾಲಿ ಜಾಗದ ಲೆಕ್ಕವನ್ನು ತಮ್ಮ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತವೆ. ಇಬ್ಬರು ಗುಮಾಸ್ತರು ಪರಸ್ಪರ ನೋಡದೆ ಒಂದೇ ಲೆಡ್ಜರ್ ಬರೆದಂತೆ, ಒಬ್ಬರದ್ದರ ಮೇಲೆ ಇನ್ನೊಬ್ಬರು ಬರೆದುಬಿಡುತ್ತಾರೆ.

ಪ್ರತಿಗಳು ಮೂರಿವೆಯಲ್ಲ, ಬ್ಯಾಕಪ್ ಏಕೆ ಎಂದು ಕೇಳುವವರಿದ್ದಾರೆ. ಕೈತಪ್ಪಿ ಫೈಲ್ ಅಳಿಸಿದರೆ ಮೂರೂ ಕಡೆ ಅಳಿಯುತ್ತದೆ! ಅದಕ್ಕೇ ಸ್ನ್ಯಾಪ್‌ಶಾಟ್ ಬೇಕು: ಆ ಗಳಿಗೆಯಲ್ಲಿ ವಾಲ್ಯೂಮ್ ಹೇಗಿತ್ತೋ ಹಾಗೆ ಹಿಡಿದಿಟ್ಟ ಪ್ರತಿ. ಅಮೆಜಾನಿನಲ್ಲಿ ಇದು ವಾಲ್ಯೂಮ್‌ನಿಂದ ಹೊರಗೆ ಬೇರೊಂದು ಸಂಗ್ರಹಕ್ಕೆ ಹೋಗುತ್ತದೆ. ಮುಂದಿನ ಸಲ ಬದಲಾದ ಬ್ಲಾಕ್‌ಗಳು ಮಾತ್ರ ಸೇರುತ್ತವೆ.

ಸ್ನ್ಯಾಪ್‌ಶಾಟಿನ ಬೆಲೆ 2011ರ ಏಪ್ರಿಲ್ 21ರಂದು ಗೊತ್ತಾಯಿತು. ವರ್ಜೀನಿಯಾದ ಒಂದು ವಲಯದಲ್ಲಿ ಅಮೆಜಾನ್ ನೆಟ್‌ವರ್ಕ್ ಸುಧಾರಿಸುವಾಗ ಸಂಚಾರವನ್ನೆಲ್ಲ ತಪ್ಪಾಗಿ ಕಡಿಮೆ ಸಾಮರ್ಥ್ಯದ ದಾರಿಗೆ ತಿರುಗಿಸಲಾಯಿತು. ವಾಲ್ಯೂಮ್‌ಗಳಿಗೂ ಅವುಗಳ ಪ್ರತಿಗಳಿಗೂ ಸಂಪರ್ಕ ಕಡಿಯಿತು. ದಾರಿ ಸರಿಹೋದೊಡನೆ ಸಂಪರ್ಕ ಕಳೆದುಕೊಂಡವೆಲ್ಲ ಒಟ್ಟಿಗೇ ಹೊಸ ಪ್ರತಿ ಮಾಡಲು ಜಾಗ ಹುಡುಕತೊಡಗಿದವು. ಜಾಗ ಮುಗಿಯಿತು, ಹುಡುಕಾಟ ನಿಲ್ಲಲಿಲ್ಲ. ಆ ವಲಯದ ಶೇ. 13ರಷ್ಟು ವಾಲ್ಯೂಮ್‌ಗಳು ಓದಲೂ ಬರೆಯಲೂ ಬಿಡದೆ ಸ್ತಬ್ಧವಾದವು. ಸುರಕ್ಷತೆಗೆಂದು ಮಾಡಿದ ಏರ್ಪಾಡೇ ಹೊರೆಯಾಗಿತ್ತು. ಕೊನೆಗೆ ಎಂಜಿನಿಯರುಗಳು ಅದೇ ಪ್ರದೇಶದ ಬೇರೆ ಕಡೆಗಳಲ್ಲಿದ್ದ ಹೆಚ್ಚುವರಿ ಸರ್ವರ್‌ಗಳನ್ನು ಕಳಚಿ ಸಾಗಿಸಿ ತಂದು ಜೋಡಿಸಬೇಕಾಯಿತು. ದಿನಗಟ್ಟಲೆ ದುಡಿದರೂ ಶೇ. 0.07ರಷ್ಟು ವಾಲ್ಯೂಮ್‌ಗಳು ಮರಳಲಿಲ್ಲ. ಅವುಗಳ ಒಡೆಯರಲ್ಲಿ ಹಳೆಯ ಸ್ನ್ಯಾಪ್‌ಶಾಟ್ ಇಟ್ಟುಕೊಂಡಿದ್ದವರಿಗೆ ಅದರಿಂದ ಹೊಸ ವಾಲ್ಯೂಮ್ ಮಾಡಿಕೊಳ್ಳುವ ದಾರಿ ಉಳಿದಿತ್ತು.