ವೃದ್ಧಾಪ್ಯದಲ್ಲಿ ಹಿತ್ತಲ ತೋಟ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಅಜ್ಜಿಯರಾಗಿದ್ದಾರೆ. ಕ್ಯಾಲನೂರು ಮೊದಲಾದ ಕೋಲಾರ ಸೀಮೆಯ ಗ್ರಾಮಗಳಲ್ಲಿ ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಮನೆಯಲ್ಲಿ ಉಳಿಯತಕ್ಕವರು ಇವರೇ. ಮಂಡಿನೋವೆಂದು ಹಿತ್ತಲನ್ನು ಪಾಳುಬಿಟ್ಟರೆ ಬಸ್ಸಾರಿಗೆ ಬೇಕಾದ ಸೊಪ್ಪೂ ಬೆಳಗಿನ ಅಲ್ಪ ವ್ಯಾಯಾಮವೂ ಒಟ್ಟಿಗೆ ತಪ್ಪಿಹೋಗುವವು. ಆದಕಾರಣ ತೋಟವನ್ನು ಬಿಡದೆ ಅದರ ಕ್ರಮವನ್ನು ಬದಲಿಸುವ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುತ್ತೇನೆ.

ನಮ್ಮ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಮಳೆ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರು. ಅದೂ ಈಗ ಕಾಲಕ್ಕೆ ಸರಿಯಾಗಿ ಬಾರದು. ಕೊಳವೆ ಬಾವಿಗಳು ಅನೇಕ ಕಡೆ 1000 ಅಡಿಯನ್ನು ದಾಟಿವೆ. 2021ನೆಯ ನವೆಂಬರಿನಲ್ಲಿಯಾದರೋ ಕೊಯ್ಲಿಗೆ ಬಂದ ರಾಗಿ ಹೊಲದಲ್ಲಿಯೇ ಮೊಳೆಯುವಷ್ಟು ಮಳೆ ಸುರಿಯಿತು. ಬೇಸಗೆಯ ಹಗಲು 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಟೊಮ್ಯಾಟೊ ಹೂವಿನ ಪರಾಗವು ಕೆಟ್ಟು ಹೂಗಳು ಕಾಯಿಕಟ್ಟದೆ ಉದುರುವವು. ಎಷ್ಟು ನೀರು ಹೊಯ್ದರೂ ಪ್ರಯೋಜನವಿಲ್ಲ. ಅಂಥ ತಿಂಗಳುಗಳಿಗೆ ನುಗ್ಗೆ, ಕರಿಬೇವು, ಚಕ್ರಮುನಿ, ದೊಡ್ಡಪತ್ರೆಗಳನ್ನು ನಂಬುವದು ಲೇಸು. ಇವನ್ನು ವರ್ಷವರ್ಷವೂ ಬಿತ್ತಬೇಕಾಗಿಲ್ಲ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೋರಮಂಗಲ–ಚಲ್ಲಘಟ್ಟ ಯೋಜನೆಯ ಮೂಲಕ ನಮ್ಮ ಕೆರೆಗಳಿಗೆ ಬರುತ್ತಿದೆ. ಅದನ್ನು ತಂದದ್ದು ಅಂತರ್ಜಲ ಏರಲೆಂದು; ಹಸಿಯಾಗಿ ತಿನ್ನುವ ಕೊತ್ತಂಬರಿ ಮುಂತಾದವಕ್ಕೆ ಅದನ್ನು ನೇರವಾಗಿ ಹೊಯ್ಯಬಾರದು.

ನೀರುಳಿತಾಯಕ್ಕೆ ಕುಂಬಾರನ ಮಡಕೆಗಿಂತ ಒಳ್ಳೆಯ ಯಂತ್ರವನ್ನು ನಾನು ಕಾಣೆನು. ಬಣ್ಣ ಹಚ್ಚದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಗಿಡದ ಪಕ್ಕದಲ್ಲಿ ಹೂಳಿ, ಅಕ್ಕಿ ತೊಳೆದ ನೀರನ್ನು ಸೋಸಿ ತುಂಬಿ, ಸೊಳ್ಳೆ ಮೊಟ್ಟೆಯಿಡದ ಹಾಗೆ ಬಾಯನ್ನು ಬಿಗಿಯಾಗಿ ಮುಚ್ಚಬೇಕು. ಸುತ್ತಲ ಮಣ್ಣು ಒಣಗಿದಷ್ಟೂ ಮಡಕೆಯ ನೀರು ಹೆಚ್ಚಾಗಿ ಜಿನುಗುವದು, ಮಣ್ಣು ತೇವವಾದಾಗ ಕಡಮೆಯಾಗುವದು. ದಿನಕ್ಕೆರಡು ಸಾರಿ ಬಿಂದಿಗೆ ಹೊರುವ ಕಷ್ಟ ಇದರಿಂದ ತಪ್ಪುವದು. ಮೇಲೆ ಒಣಗಿದ ಎಲೆಯನ್ನೋ ಕಡಲೆಕಾಯಿ ಸಿಪ್ಪೆಯನ್ನೋ ನಾಲ್ಕು ಬೆರಳು ದಪ್ಪ ಹರಡಿದರೆ ಕಳೆಯೂ ಕಡಮೆ.

ಇನ್ನು ಶರೀರದ ಮಾತು. ನುಗ್ಗೆಯನ್ನು ಎದೆಯೆತ್ತರಕ್ಕೆ ಕತ್ತರಿಸುತ್ತಿದ್ದರೆ ಸೊಪ್ಪು ಕೈಗೆಟಕುವದು. ಮುದುಕಿಯರು ಏಣಿ ಹತ್ತುವದನ್ನು ನಾನು ಖಂಡಿತವಾಗಿ ಒಪ್ಪುವದಿಲ್ಲ. ಕೀರೆ, ದಂಟು, ಮೆಂತ್ಯಗಳನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ತೊಟ್ಟಿಗಳಲ್ಲಿ ಬೆಳೆದರೆ ಬಗ್ಗುವ ಕೆಲಸವಿಲ್ಲ. ಮುಪ್ಪಿನಲ್ಲಿ ಬಾಯಾರಿಕೆ ಬೇಗ ತಿಳಿಯದು, ಬೆವರಿ ತಣಿಯುವ ಶಕ್ತಿಯೂ ಕುಂದುವದು. ಹೀಗಿರುವದರಿಂದ ಬೇಸಗೆಯಲ್ಲಿ ಎಂಟು ಗಂಟೆಯೊಳಗೆ ಕೆಲಸ ಮುಗಿಸಿ, ಬಾಯಾರದಿದ್ದರೂ ಒಂದು ಚೊಂಬು ಮಜ್ಜಿಗೆಯನ್ನೋ ನೀರನ್ನೋ ಕುಡಿಯಬೇಕು. ಊರಿಗೆ ಬರುವ ಹೆಣ್ಣುಮಕ್ಕಳು ಹಣ್ಣಿನ ಬುಟ್ಟಿಗೆ ಬದಲಾಗಿ ನಾಲ್ಕು ಮಡಕೆಗಳನ್ನು ತಂದು, ತಾವೇ ಗುಂಡಿ ತೋಡಿ ಹೂಳಿಕೊಟ್ಟು ಹೋಗಲಿ.