ಎಲ್ಲಾ ಪ್ರಾಯದವರಿಗೂ ಒದಗುವ ಯಂತ್ರ

ಮನೆಯ ಅಜ್ಜಿಯವರು ಮೊಬೈಲಿನ ಗಾಜನ್ನು ಎರಡು ಮೂರು ಸಾರಿ ಒತ್ತಿದರೂ ಅದು ಓಗೊಡದಿದ್ದರೆ, "ನಿಮಗೆ ಇದೆಲ್ಲಾ ತಿಳಿಯದು, ಇತ್ತ ಕೊಡಿರಿ" ಎಂದು ನಾವು ತೆಗೆದುಕೊಳ್ಳುವುದುಂಟು. ಅವರು ಸುಮ್ಮನಾಗುತ್ತಾರೆ, ಮರುದಿನ ಅದನ್ನು ಮುಟ್ಟಲಿಕ್ಕೂ ಅಂಜುತ್ತಾರೆ. ಆದರೆ ತಪ್ಪು ಯಾರದೆಂಬುದನ್ನು ನಾವು ವಿಚಾರಿಸತಕ್ಕದ್ದು.

ಆ ಗಾಜನ್ನು ಎಷ್ಟು ಬಲವಾಗಿ ಒತ್ತಿದರೂ ಹೆಚ್ಚಿನ ಪ್ರಯೋಜನವಿಲ್ಲ. ಯಾಕಂದರೆ ಬೆರಳು ತಗಲಿದಾಗ ಉಂಟಾಗುವ ಅತ್ಯಲ್ಪ ವಿದ್ಯುತ್ತಿನ ವ್ಯತ್ಯಾಸದಿಂದಲೇ ಅದು ನಮ್ಮ ಸ್ಪರ್ಶವನ್ನರಿಯುತ್ತದೆ. ವಯಸ್ಸಾದಂತೆ ಚರ್ಮವು ಒಣಗುವುದರಿಂದ ಆ ವ್ಯತ್ಯಾಸವು ಕುಂದಬಹುದು. ಬೆರಳು ತುಸು ಹೆಚ್ಚು ಹೊತ್ತು ನಿಂತರೆ ಯಂತ್ರವು ಅದನ್ನು ಬೇರೊಂದು ಅಪ್ಪಣೆಯೆಂದು ಭಾವಿಸುತ್ತದೆ. ಸುಮಾರು 40 ವರ್ಷ ದಾಟಿದ ಮೇಲೆ ಕಣ್ಣಿನ ಮಸೂರವು ಗಡುಸಾಗಿ, ಸಮೀಪದ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಮುಪ್ಪಿನಲ್ಲಿ ಕಿವಿಯು ಮೊದಲು ಕೀಚು ಸ್ವರಗಳನ್ನು ಕಳೆದುಕೊಳ್ಳುತ್ತದೆ. ಚಿಕ್ಕ ಮಕ್ಕಳಾದರೋ ಓದಲರಿಯರು. ಆಟ ಯಾವುದು, ಜಾಹೀರಾತು ಯಾವುದು ಎಂದು ವಿಂಗಡಿಸಲಾರದೆ ಕಂಡದ್ದನ್ನೆಲ್ಲಾ ಒತ್ತುವರು.

ಇಂಥ ಕಷ್ಟವನ್ನು ಅನುಭವದಿಂದಲೇ ತಿಳಿಯಬಯಸಿದವರು ಅಮೆರಿಕದ ಪೆಟ್ರೀಷಿಯಾ ಮೂರ್ ಎಂಬ ವಿನ್ಯಾಸಗಾರ್ತಿ. 1979ರಲ್ಲಿ, ಇನ್ನೂ ಇಪ್ಪತ್ತರ ಪ್ರಾಯದಲ್ಲಿದ್ದಾಗಲೇ, ಅವರು ಮುದುಕಿಯ ವೇಷ ಧರಿಸಿ, ದೃಷ್ಟಿ ಮಸುಕಾಗುವ ಕನ್ನಡಕವನ್ನಿಟ್ಟು, ಕಿವಿಗಳನ್ನು ಮುಚ್ಚಿ, ಕೈಕಾಲುಗಳ ಚಲನೆಯನ್ನು ಬಿಗಿದು, 1982ರ ವರೆಗೂ ಆಗಾಗ್ಗೆ ಅಮೆರಿಕ ಕೆನಡಾಗಳ ಪಟ್ಟಣಗಳಲ್ಲಿ ಸಂಚರಿಸಿದರು. ಬಾಗಿಲು, ಬಸ್ಸಿನ ಮೆಟ್ಟಲು, ಅಡಿಗೆಯ ಸಾಮಾನು ಮುಂತಾದವು ಎಳೆಯರ ಕೈಕಾಲಿನ ಅಳತೆಗೇ ಮಾಡಲ್ಪಟ್ಟಿರುವುದನ್ನು ಅವರು ಕಂಡರು.

1997ರಲ್ಲಿ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ರಾನ್ ಮೇಸ್ ಮೊದಲಾದವರು ಸರ್ವರಿಗೂ ಅನುಕೂಲವಾಗುವ ವಿನ್ಯಾಸಕ್ಕೆ 7 ಸೂತ್ರಗಳನ್ನು ರಚಿಸಿದರು. ಬಳಕೆಯು ಸರಳವಾಗಿರಬೇಕು, ಅಲ್ಪ ಶ್ರಮ ಸಾಕಾಗಬೇಕು, ಕೈತಪ್ಪಿ ಮಾಡಿದ್ದರಿಂದ ಹಾನಿಯಾಗಬಾರದು ಎಂಬವು ಅವುಗಳಲ್ಲಿ ಸೇರಿವೆ. ಅಜ್ಜಿಗಾಗಿ ದೊಡ್ಡದು ಮಾಡಿದ ಗುಂಡಿಯು, ಒಂದು ಕೈಯಲ್ಲಿ ಕೂಸನ್ನೆತ್ತಿಕೊಂಡ ತಾಯಿಗೂ ಉಪಕಾರವಾಗುವುದಷ್ಟೆ.

ಯಂತ್ರಗಳನ್ನು ರೂಪಿಸುವ ಉದ್ಯೋಗದಲ್ಲಿರುವ ಸಹೋದರಿಯರು ತಮ್ಮ ಕೆಲಸವನ್ನು ಮೊದಲು ಒಬ್ಬ ವೃದ್ಧೆಯ ಕೈಗೂ ಒಂದು ಮಗುವಿನ ಕೈಗೂ ಕೊಟ್ಟು, ಮಾತಾಡದೆ ನೋಡಲಿ. ಮಿಕ್ಕ ನಾವು ಈ ದಿನವೇ ಮಾಡಬಹುದಾದದ್ದೂ ಉಂಟು: ಅಕ್ಷರಗಳನ್ನು ದೊಡ್ಡದು ಮಾಡೋಣ, ಭಾಷೆಯನ್ನು ಕನ್ನಡಕ್ಕೆ ತಿರುಗಿಸೋಣ, ಬೆರಳು ಹೆಚ್ಚು ಹೊತ್ತು ನಿಲ್ಲುವ ಅವಧಿಯನ್ನು ಹೆಚ್ಚಿಸೋಣ. ಬಳಿಕ ಮೊಬೈಲನ್ನು ಅವರ ಕೈಯಲ್ಲಿಯೇ ಬಿಟ್ಟು, ಪಕ್ಕದಲ್ಲಿ ತಾಳ್ಮೆಯಿಂದ ಕುಳಿತಿರೋಣ. ನಮಗೆ ಅಕ್ಷರ ತಿದ್ದಿಸುವಾಗ ಅವರು ಹಾಗೆಯೇ ಕುಳಿತಿದ್ದರು.